ಕೊಪ್ಪರಿಗೆ ಮುಂದೆ ನಿಲ್ಲಲಾಗದ ಮುಖ

ಆ ವರ್ಷ ಸಂಕ್ರಾಂತಿ ಹೊತ್ತಿಗೆ ಕೊಪ್ಪರಿಗೆ ಹತ್ತಿರ ಹೋದರೆ ಸಾಕು, ಮುಖಕ್ಕೆ ಮೆಣಸಿನಪುಡಿ ಎರಚಿದ ಹಾಗೆ ಉರಿಯುತ್ತಿತ್ತು. ಹದಿನೇಳನೇ ವಯಸ್ಸಿನಿಂದ ನಮ್ಮ ಆಲೆಮನೆಯಲ್ಲಿ ಪಾಕ ತಿರುವಿದವನು ನಾನು. ಒಲೆಯ ಝಳ ನನಗೆ ಹೊಸದಲ್ಲ. ಆದರೂ ಹತ್ತಡಿ ದೂರದಲ್ಲಿ ನಿಂತರೂ ಕೆನ್ನೆ ಕೆಂಡವಾಗುತ್ತಿತ್ತು. ರಾತ್ರಿ ಮಲಗಿದರೆ ದಿಂಬು ತಗುಲಿದ ಕಡೆಯೆಲ್ಲ ನವೆ. ಕನ್ನಡಿಯಲ್ಲಿ ನೋಡಿಕೊಂಡರೆ ಮೂಗಿನ ಎರಡೂ ಪಕ್ಕ ದಾರದೆಳೆಯಂಥ ಕೆಂಪು ನರಗಳು, ಗಲ್ಲದ ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ.

ಕಾರಣ ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇದ್ದೆ, ಅಷ್ಟೆ.

ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ ಕಬ್ಬು, ಒಂದು ಆಲೆಮನೆ, ಅಪ್ಪ, ಅವ್ವ, ನಾನು. ಅಕ್ಕನನ್ನು ಮೈಸೂರಿಗೆ ಕೊಟ್ಟಿದ್ದೇವೆ. ಮೂವತ್ತು ದಾಟಿದ ಮೇಲೆ ನನಗೆ ಹೆಣ್ಣು ಹುಡುಕುವುದೇ ಮನೆಯವರಿಗೆ ಒಂದು ಕೆಲಸವಾಯಿತು. ವ್ಯವಸಾಯ ಮಾಡುವ ಹುಡುಗರಿಗೆ ನಮ್ಮ ಕಡೆ ಹೆಣ್ಣು ಸಿಗುವುದು ಎಷ್ಟು ಕಷ್ಟವೆಂದು ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. 2023ರ ಫೆಬ್ರವರಿಯಲ್ಲಿ ಮದುವೆಯಾಗದ ಹುಡುಗರು ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ಊರೂರಲ್ಲೂ ಅದನ್ನು ಟೀವಿಯಲ್ಲಿ ನೋಡಿ ನಕ್ಕವರಿದ್ದರು. ನನಗೆ ನಗು ಬರಲಿಲ್ಲ. ಆಲೆಮನೆ ನಡೆಯುತ್ತಿದ್ದರಿಂದ ನಾನು ಹೋಗಲಾಗಲಿಲ್ಲ, ಆದರೆ ಅವರು ಹೊತ್ತ ಹರಕೆ ನನ್ನದೂ ಆಗಿತ್ತು.

ಅದೇ ದಿನಗಳಲ್ಲಿ ಸ್ನೇಹಿತನೊಬ್ಬ ಒಂದು ಟ್ಯೂಬಿನ ಹೆಸರು ಹೇಳಿದ. ಹದಿನೈದು ಗ್ರಾಂನ ಸಣ್ಣ ಟ್ಯೂಬು. ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳಲಿಲ್ಲ, ಹೆಸರು ಹೇಳಿದ ತಕ್ಷಣ ಕೊಟ್ಟರು. ರಾತ್ರಿ ಹಚ್ಚಿ ಮಲಗಿದೆ. ಒಂದು ವಾರಕ್ಕೆ ಮುಖ ಎಷ್ಟು ತಿಳಿಯಾಯಿತೆಂದರೆ ಅವ್ವನೇ ಕೈ ಹಿಡಿದು ನಿಲ್ಲಿಸಿ ನೋಡಿದಳು. ಹಳೆಯ ಮೊಡವೆ ಕಲೆ ಇಲ್ಲ, ಬಿಸಿಲಿನ ಕಪ್ಪು ಇಲ್ಲ. ಡೈರಿ ಹತ್ತಿರ ಹಾಲು ಹಾಕಲು ಬಂದವರೆಲ್ಲ "ಏನಪ್ಪಾ, ಮದ್ವೆ ಕಳೆ ಬಂದ್ಬುಡ್ತು" ಅಂದರು. ಆ ಮಾತಿನ ರುಚಿ ಹತ್ತಿದ ಮೇಲೆ ಬಿಡುವುದು ಹೇಗೆ? ಒಂದೂವರೆ ವರ್ಷ ಹಚ್ಚಿದೆ.

ನಡುವೆ ಎರಡು ದಿನ ಬಿಟ್ಟರೆ ಮುಖ ಕೆಂಪಾಗಿ ಊದಿಕೊಳ್ಳುತ್ತಿತ್ತು. ಹಚ್ಚಿದರೆ ಇಳಿಯುತ್ತಿತ್ತು. ಹಾಗಾಗಿ ಟ್ಯೂಬೇ ಔಷಧಿ ಎಂದುಕೊಂಡೆ. ಕಬ್ಬಿಗೆ ಯೂರಿಯಾ ಸುರಿದರೆ ಹತ್ತೇ ದಿನದಲ್ಲಿ ಗರಿ ಕಡುಹಸಿರಾಗುತ್ತದೆ. ಅದನ್ನೇ ನಂಬಿ ವರ್ಷಾನುಗಟ್ಟಲೆ ಸುರಿದವರ ಭೂಮಿ ಏನಾಗಿದೆ ಎಂದು ನಮ್ಮ ಸುತ್ತಲೇ ನೋಡಿದ್ದೇನೆ. ಭೂಮಿಯ ವಿಷಯದಲ್ಲಿ ಇದ್ದ ಆ ತಿಳಿವಳಿಕೆ ನನ್ನ ಮುಖದ ವಿಷಯದಲ್ಲಿ ಬರಲಿಲ್ಲ.

ಶ್ರೀರಂಗಪಟ್ಟಣದ ಕಡೆ ಒಂದು ಹೆಣ್ಣು ನೋಡಲು ಹೋಗಿದ್ದೆವು. ಅವರಿಗೆ ಕಳಿಸಿದ್ದ ಫೋಟೋದಲ್ಲಿ ಸ್ಟುಡಿಯೋದವನು ನನ್ನನ್ನು ಹಾಲಿನಂತೆ ಬೆಳ್ಳಗೆ ಮಾಡಿದ್ದ. ಎದುರಿಗೆ ಕೂತವನ ಮುಖವೋ ಅವತ್ತು ಕೆಂಪು ಕೆಂಪು, ಗುಳ್ಳೆ ಗುಳ್ಳೆ. ಹುಡುಗಿಯ ದೊಡ್ಡಪ್ಪ ನಮ್ಮ ಅಪ್ಪನನ್ನು ಜಗಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು: "ತಪ್ಪು ತಿಳ್ಕೋಬೇಡಿ, ಹುಡುಗನ್ಗೆ ಚರ್ಮದ ಕಾಯ್ಲೆ ಏನಾರ ಐತಾ?" ನನಗೆ ಕೇಳಿಸಿತು. ಅಪ್ಪ ಏನೂ ಹೇಳಲಾಗದೆ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬಂದ ಸಂಜೆಯೇ ಅಕ್ಕನಿಗೆ ಫೋನ್ ಮಾಡಿದೆ. ಮುಖ ತೋರಿಸು ಅಂದಳು. ವಿಡಿಯೋದಲ್ಲಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮಯ್ಯ, ಇದು ಬಿಸ್ಲಿಗೆ ಆಗಿರೋದಲ್ಲ ಕಣೋ. ಏನ್ ಹಚ್ತಿದ್ದೀಯ? ನಿಜ ಹೇಳು" ಅಂದಳು. ಹೇಳಿದೆ. "ನಾಳೆ ಬೆಳಗಿನ ರೈಲಿಗೆ ಬಾ. ಟ್ಯೂಬು ಎಸೀಬೇಡ, ಜೇಬಲ್ಲಿ ಇಟ್ಕೊಂಡು ಬಾ."

ಮೈಸೂರಿನ ಆ ಚರ್ಮದ ಡಾಕ್ಟರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಷ್ಟೆ. ಮೊದಲು ಟ್ಯೂಬು ತಿರುಗಿಸಿ ಹಿಂಭಾಗ ಓದಿದರು. ನನಗೂ ಓದಿಸಿದರು. ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್. ಮೊದಲನೆಯದು ಸ್ಟೀರಾಯ್ಡ್, ಅಂದರೆ ಊತ, ಕೆಂಪು ಬೇಗ ಇಳಿಸುವ ಬಲವಾದ ಮದ್ದು. ಎರಡನೆಯದು ಬಣ್ಣ ತಿಳಿಮಾಡುವುದು. ಮೂರನೆಯದು ಮೇಲ್ಪದರ ಬೇಗ ಬೇಗ ಉದುರಿಸುವುದು. ಮೂರೂ ಔಷಧಿಗಳೇ, ಮುಖದ ಕೆಲವು ಬಗೆಯ ಕಪ್ಪು ಮಚ್ಚೆಗೆ ಡಾಕ್ಟರ ಕಣ್ಣಳತೆಯಲ್ಲಿ ಕೆಲವು ವಾರ ಹಚ್ಚಬೇಕಾದವು. ಇದನ್ನು ಪ್ರತಿರಾತ್ರಿ ಫೇಸ್ ಕ್ರೀಮಿನಂತೆ ಹಚ್ಚಿದರೆ ಸ್ಟೀರಾಯ್ಡ್ ಚರ್ಮವನ್ನು ತೆಳ್ಳಗೆ ಮಾಡುತ್ತದೆ, ಒಳಗಿನ ರಕ್ತನಾಳ ಮೇಲೆ ಕಾಣುತ್ತದೆ, ಬಿಸಿಲು ಮತ್ತು ಬೆಂಕಿ ತಡೆಯುವ ಶಕ್ತಿ ಹೋಗುತ್ತದೆ ಎಂದರು. ಅಂಗೈ ಅಂಗಾಲಿಗಿಂತ ಮುಖದ ಚರ್ಮ ಇಂಥ ಮುಲಾಮನ್ನು ಎಷ್ಟೋ ಪಾಲು ಹೆಚ್ಚು ಹೀರುತ್ತದಂತೆ. ಕೊಪ್ಪರಿಗೆ ಮುಂದಿನ ಉರಿಯ ಗುಟ್ಟು ಆಗ ತಿಳಿಯಿತು.

"ಚೀಟಿ ಇಲ್ಲದೆ ಹೇಗೆ ಕೊಟ್ಟರು?" ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. 2018ರ ಮಾರ್ಚ್‌ನಲ್ಲೇ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್ 14 ಬಗೆಯವನ್ನು 'ಶೆಡ್ಯೂಲ್ ಎಚ್'ಗೆ ಸೇರಿಸಿದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಅವನ್ನು ಮಾರುವ ಹಾಗಿಲ್ಲ. ಟ್ಯೂಬಿನ ಮೇಲೆ ಕೆಂಪು ಗೆರೆ ಇತ್ತು, ಎಚ್ಚರಿಕೆಯ ಸಾಲೂ ಇತ್ತು. ಒಂದೂವರೆ ವರ್ಷ ದಿನಾ ರಾತ್ರಿ ಕೈಯಲ್ಲಿ ಹಿಡಿದಿದ್ದನ್ನು ನಾನು ಒಮ್ಮೆಯೂ ಓದಿರಲಿಲ್ಲ.

ಕೊನೆಗೆ ಅವರು ನನ್ನ ಅಂಗಿಯ ತೋಳು ಮಡಚಿಸಿ, ತೋಳಿನ ಒಳಭಾಗ, ಕಂಕುಳ ಹತ್ತಿರದ ಚರ್ಮ ತೋರಿಸಿದರು. "ಬಿಸಿಲು ಬೀಳದ ಈ ಜಾಗ ನೋಡಿ. ಇದೇ ನಿಮ್ಮ ಬಣ್ಣ. ಮುಖ ಇಲ್ಲಿಯವರೆಗೆ ಬರಬಹುದು. ಇದಕ್ಕಿಂತ ಬೆಳ್ಳಗೆ ಮಾಡ್ತೀವಿ ಅಂತ ಯಾರು ಹೇಳಿದ್ರೂ ನಂಬಬೇಡಿ." ಎಣ್ಣೆಗೆಂಪು ಬಣ್ಣದ, ನುಣುಪಾದ ಚರ್ಮ. ಮೂವತ್ತೈದು ವರ್ಷ ಅದು ನನ್ನ ಮೈಮೇಲೆಯೇ ಇತ್ತು. ಅಷ್ಟು ಗಮನ ಕೊಟ್ಟು ನೋಡಿದ್ದು ಅವತ್ತೇ ಮೊದಲು. ಚೆನ್ನಾಗಿತ್ತು.

ಟ್ಯೂಬನ್ನು ಒಂದೇ ಸಲ ಬಿಡಬೇಡಿ ಎಂದು ನನಗೆ ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ ಮಾಡಿ ನಿಲ್ಲಿಸಲು ಹೇಳಿದರು. ಗುಳ್ಳೆಗೆ ಮಾತ್ರೆ, ಸ್ಟೀರಾಯ್ಡ್ ಇಲ್ಲದ ಒಂದು ಮುಲಾಮು, ವಾಸನೆ ಇಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಬರೆದರು. ನನ್ನ ಚೀಟಿ ಇನ್ನೊಬ್ಬರಿಗೆ ಹೊಂದುವುದಿಲ್ಲ. ಹಚ್ಚಿದ ಮುಲಾಮು ಎಷ್ಟು ಬಲದ್ದು, ಎಷ್ಟು ದಿನ ಹಚ್ಚಿದ್ದು ಎನ್ನುವುದರ ಮೇಲೆ ಬಿಡಿಸುವ ಕ್ರಮ ಬೇರೆಯಾಗುತ್ತದೆ. ಖಾಸಗಿ ಡಾಕ್ಟರ ಫೀಸಿಗೆ ಹಿಂಜರಿಯುವವರಿಗೆ ಮಂಡ್ಯದಲ್ಲೇ ಸರ್ಕಾರದ ಮಿಮ್ಸ್ ಆಸ್ಪತ್ರೆ ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಎರಡರಲ್ಲೂ ಚರ್ಮದ ವಿಭಾಗವಿದೆ.

"ಮೊದಲು ಜಾಸ್ತಿ ಆಗುತ್ತೆ. ಹೆದರಿ ಮತ್ತೆ ಟ್ಯೂಬ್ ಹಚ್ಚಬೇಡಿ" ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಎಷ್ಟು ಜಾಸ್ತಿ ಎನ್ನುವ ಅಂದಾಜು ನನಗಿರಲಿಲ್ಲ. ಪೂರ್ತಿ ನಿಲ್ಲಿಸಿದ ಐದನೇ ದಿನ ಬೆಳಿಗ್ಗೆ ಕಣ್ಣು ಬಿಡಲಾಗಲಿಲ್ಲ, ರೆಪ್ಪೆ ಅಷ್ಟು ಊದಿತ್ತು. ಮುಖ ಪೂರ್ತಿ ಗುಳ್ಳೆ, ಚರ್ಮ ಹಪ್ಪಳದ ಹಾಗೆ ಸುಲಿದು ಬರುತ್ತಿತ್ತು. ಮಾತಾಡಿದರೆ ಬಾಯಿಯ ಪಕ್ಕ ಬಿರಿಯುತ್ತಿತ್ತು. ತಣ್ಣೀರಲ್ಲಿ ಅದ್ದಿದ ಪಂಚೆಯ ತುಂಡನ್ನು ಮುಖದ ಮೇಲೆ ಹಾಕಿಕೊಂಡು ಮಲಗುತ್ತಿದ್ದೆ. ಅದು ಒಣಗುವ ಹೊತ್ತಿಗೆ ಅವ್ವ ಬಂದು ಮತ್ತೆ ಅದ್ದಿ ಹಾಕುತ್ತಿದ್ದಳು. ರಾತ್ರಿ ಎರಡು ಗಂಟೆಗೂ ಎದ್ದು ಬಂದಿದ್ದಾಳೆ.

ಹತ್ತನೇ ದಿನ ಸೋತೆ. ಗೂಡಿನಲ್ಲಿದ್ದ ಹಳೆಯ ಟ್ಯೂಬು ತೆಗೆದು ಮುಚ್ಚಳ ಬಿಚ್ಚಿದೆ. ಒಂದು ಸಲ ಹಚ್ಚಿದರೆ ನಾಳೆ ಬೆಳಿಗ್ಗೆ ಎಲ್ಲ ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು, ಅದೇ ದೊಡ್ಡ ಕಷ್ಟ. ಅಕ್ಕನಿಗೆ ಫೋನ್ ಮಾಡಿದೆ. ಅವಳು ಬುದ್ಧಿ ಹೇಳಲಿಲ್ಲ. ಫೋನ್ ಇಡದೆ ಅರ್ಧ ರಾತ್ರಿಯವರೆಗೆ ಬೇರೆ ಏನೇನೋ ಮಾತಾಡುತ್ತ ಕೂತಳು, ಚಿಕ್ಕಂದಿನಲ್ಲಿ ವಿ.ಸಿ. ನಾಲೆಗೆ ಬಿದ್ದ ನಮ್ಮ ಕರುವಿನ ಕತೆಯನ್ನೂ ಹೇಳಿದಳು. ಆ ರಾತ್ರಿ ಕಳೆಯಿತು. ಆಮೇಲೆ ಅಂಥ ರಾತ್ರಿಗಳು ಇನ್ನೂ ನಾಲ್ಕೈದು ಬಂದವು, ಆದರೆ ಮೊದಲಿನಷ್ಟು ಬಲವಾಗಿ ಅಲ್ಲ.

ನೋಡಲು ಬಂದವರೆಲ್ಲ ಒಂದೊಂದು ಮದ್ದು ತಂದರು. ನಿಂಬೆರಸ ತಿಕ್ಕು ಎಂದರು ಒಬ್ಬರು, ಕಡ್ಲೆಹಿಟ್ಟು ಮೊಸರು ಎಂದರು ಇನ್ನೊಬ್ಬರು, ಟೂತ್‌ಪೇಸ್ಟ್ ಎಂದವರೂ ಇದ್ದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ತೆಳ್ಳಗಾದ ಚರ್ಮಕ್ಕೆ ನಿಂಬೆಯ ಹುಳಿ ಸುಟ್ಟಗಾಯ ಮಾಡುತ್ತದೆ, ಬಿಸಿಲಿಗೆ ಹೋದರೆ ಆ ಜಾಗ ಇನ್ನೂ ಕಪ್ಪಾಗುತ್ತದೆ. ಯಾವುದನ್ನೂ ಹಚ್ಚಿಕೊಳ್ಳಲಿಲ್ಲ. ಏಳು ವಾರಕ್ಕೆ ಉರಿ ಹಿಡಿತಕ್ಕೆ ಬಂತು. ಕೆಂಪು ಪೂರ್ತಿ ಇಳಿಯಲು ಐದು ತಿಂಗಳು ಬೇಕಾಯಿತು.

ಸನ್‌ಸ್ಕ್ರೀನ್ ಎಂದರೆ ಸಿನಿಮಾದವರ ವಸ್ತು ಎಂದುಕೊಂಡಿದ್ದವನಿಗೆ ಗದ್ದೆಯಲ್ಲಿ ಅದನ್ನು ಹಚ್ಚಿಕೊಂಡು ನಿಲ್ಲುವುದೇ ಒಂದು ಅಭ್ಯಾಸವಾಯಿತು. ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಶಕ್ತಿಯ ಅಂಕಿ, 30 ಇರುವುದು ಸಾಕು, ಆದರೆ ಅಳತೆ ಮುಖ್ಯ: ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು, ಮುಖ ಮತ್ತು ಕುತ್ತಿಗೆಗೆ. ನಾನು ಮೊದಲು ಕಡಲೆಕಾಳಷ್ಟು ಹಚ್ಚುತ್ತಿದ್ದೆ, ಅಷ್ಟು ಹಚ್ಚಿಯೂ ಫಲವಿಲ್ಲ. ಬೆವರಿದರೆ ಎರಡು ಗಂಟೆಗೆ ಮತ್ತೆ ಹಚ್ಚಬೇಕು. ಹೀಗೆ ಹಚ್ಚಿದರೆ 50 ಗ್ರಾಂ ಟ್ಯೂಬು ತಿಂಗಳೂ ಬರುವುದಿಲ್ಲ, ನಮ್ಮಂಥವರಿಗೆ ಅದು ಸಣ್ಣ ಖರ್ಚಲ್ಲ. ಆದ್ದರಿಂದ ಕೆಲಸದ ಹೊತ್ತನ್ನೇ ಬದಲಾಯಿಸಿದೆ. ಬೆಳಿಗ್ಗೆ ಆರಕ್ಕೆ ಗದ್ದೆಗೆ ಇಳಿದು ಹತ್ತೂವರೆಗೆ ಮೇಲೆ ಬರುವುದು, ಮತ್ತೆ ನಾಲ್ಕರ ನಂತರ. ತಲೆಗೆ ಅಗಲ ಅಂಚಿನ ಟೋಪಿ. ಕೊಪ್ಪರಿಗೆ ಕೆಲಸವನ್ನು ಚಿಕ್ಕಪ್ಪನ ಮಗನಿಗೆ ಬಿಟ್ಟು ನಾನು ಗಾಣದ ಕಡೆ, ಅಚ್ಚಿನ ಕಡೆ ನಿಂತೆ. ಆ ಸುಗ್ಗಿಯಲ್ಲಿ ಅವನೇನಾದರೂ ಕೈಕೊಟ್ಟಿದ್ದರೆ ನನ್ನ ಮುಖ ವಾಸಿಯಾಗುತ್ತಿರಲಿಲ್ಲ.

ಎರಡು ತಿಂಗಳು ರೇಜರ್ ಮುಟ್ಟುವಂತಿರಲಿಲ್ಲ. ಗಡ್ಡ ಬೆಳೆಯಿತು. ವಾಸಿಯಾದ ಮೇಲೆ ಕಟಿಂಗ್ ಶಾಪಿಗೆ ಹೋದಾಗ ಅಲ್ಲಿನ ಅಣ್ಣ, ಅಪ್ಪನ ವಾರಿಗೆಯವರು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಪೂರ್ತಿ ತೆಗಿಯೋದ್ ಬ್ಯಾಡ ಕಣ್ಲಾ ಮಗ. ನಿನ್ ಗಲ್ಲ ಸಣ್ದು, ಗಡ್ಡ ಇದ್ರೇ ಮೊಕ ಅಗಲ ಕಾಣ್ತದೆ. ಕೆನ್ನೆ ಮ್ಯಾಲೆ ಗೆರೆ ಹೊಡ್ದು ಬುಡ್ತೀನಿ" ಎಂದರು. ಮೂವತ್ತು ವರ್ಷ ಊರಿನ ಮುಖಗಳನ್ನೆಲ್ಲ ಕೈಯಲ್ಲಿ ಹಿಡಿದು ನೋಡಿದವರ ಮಾತು, ಒಪ್ಪಿಕೊಂಡೆ. ಮನೆಯಲ್ಲಿ ಕುತ್ತಿಗೆಯ ಭಾಗ ಮಾತ್ರ ಬೋಳಿಸಿಕೊಳ್ಳುವುದನ್ನೂ ಅವರೇ ಕಲಿಸಿದರು. ಬಿಸಿನೀರಿನ ಸ್ನಾನ ಆದ ಮೇಲೆ, ಕೂದಲು ಮೆತ್ತಗಾದಾಗ. ಕೂದಲು ಇಳಿದ ದಿಕ್ಕಿಗೇ ಎಳೆಯಬೇಕು, ನುಣ್ಣಗೆ ಬರಲೆಂದು ಎದುರು ಎಳೆದರೆ ಕೂದಲು ಚರ್ಮದೊಳಗೇ ಮಡಚಿಕೊಂಡು ಗುಳ್ಳೆ ಏಳುತ್ತದೆ. ನನ್ನ ಕುತ್ತಿಗೆಯ ತುಂಬ ಹತ್ತು ವರ್ಷದಿಂದ ಇದ್ದ ಗುಳ್ಳೆಗಳು ಇಷ್ಟಕ್ಕೇ ಹೋದವು, ಬೇರೇನೂ ಹಚ್ಚಲಿಲ್ಲ. ಅಷ್ಟು ಸುಲಭದ್ದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ ಎನ್ನುವುದು ನನಗೆ ಬೇಸರದ ಸಂಗತಿ. ಹೆಣ್ಣುಮಕ್ಕಳಿಗೆ ಅವ್ವ, ಅಕ್ಕ, ಅತ್ತೆ ತಲೆ ಬಾಚುವುದರಿಂದ ಹಿಡಿದು ಎಲ್ಲ ಹೇಳಿಕೊಡುತ್ತಾರೆ. ನಮ್ಮ ಕಡೆಯ ಗಂಡುಹುಡುಗರು ಮೈಯನ್ನು ನೋಡಿಕೊಳ್ಳುವುದನ್ನು ಯಾರಿಂದಲೂ ಕಲಿಯದೆ ದೊಡ್ಡವರಾಗುತ್ತೇವೆ.

ತಲೆಯ ಹೊಟ್ಟಿಗೆ ಡಾಕ್ಟರು ಕೀಟೊಕೊನಜೋಲ್ ಶಾಂಪೂ ಬರೆದಿದ್ದರು. ವಾರಕ್ಕೆ ಎರಡು ಸಲ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು. ದಿನಾ ಎಣ್ಣೆ ಹಚ್ಚುವುದು ನಿಲ್ಲಿಸಿದ ಮೇಲೆಯೇ ಅದು ಕೆಲಸ ಮಾಡಿದ್ದು. ಅವ್ವನಿಗೆ ಇದೊಂದು ಮಾತ್ರ ಇವತ್ತಿಗೂ ಒಪ್ಪಿಗೆಯಿಲ್ಲ.

ಹಲ್ಲಿನ ವಿಷಯ ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಬೇಕು. ಆಲೆಮನೆಯ ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಎಲೆಅಡಿಕೆ ಹಾಕಲು ಕಲಿತಿದ್ದೆ, ಆಮೇಲೆ ಹಗಲಿಗೂ ಬಂತು. ಹದಿನೆಂಟು ವರ್ಷದಲ್ಲಿ ಹಲ್ಲು ಕಂದುಬಣ್ಣಕ್ಕೆ ತಿರುಗಿತ್ತು. ನಗುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಮಂಡ್ಯದ ಹಲ್ಲಿನ ಡಾಕ್ಟರು ಎರಡು ದಿನ ಕೂರಿಸಿ ಕ್ಲೀನಿಂಗ್ ಮಾಡಿದರು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ನಮ್ಮ ಕಡೆ ದೊಡ್ಡ ನಂಬಿಕೆಯಿದೆ. ಮಾಡಿಸಿದ ಮೇಲೆ ನನಗೂ ಸಂದಿ ಬಿಟ್ಟಂತೆ ಅನಿಸಿತು, ತಣ್ಣೀರು ಕುಡಿದರೆ ಜುಮ್ಮೆನ್ನುತ್ತಿತ್ತು. ಸಂದಿಯಲ್ಲಿ ಗಟ್ಟಿಕಟ್ಟಿದ್ದ ಕಿಟ್ಟ ಹೋದದ್ದರಿಂದ ಹಾಗೆ, ಹಲ್ಲೇನೂ ಸವೆದಿಲ್ಲ ಎಂದು ಡಾಕ್ಟರು ಕನ್ನಡಿ ಹಿಡಿದು ತೋರಿಸಿದರು. ವಾರದಲ್ಲಿ ಜುಮ್ಮೆನ್ನುವುದು ನಿಂತಿತು.

ಅವರು ಕೆನ್ನೆಯ ಒಳಗೂ ಬೆರಳಾಡಿಸಿ ನೋಡಿದರು. ಹೊಗೆಸೊಪ್ಪು ಹಾಕದಿದ್ದರೂ ಬರೀ ಅಡಿಕೆಯಿಂದಲೇ ಬಾಯಿ ಕ್ಯಾನ್ಸರ್ ಬರಬಹುದು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅದನ್ನು ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ ಎಂದರು. ಚಂದಕ್ಕಾಗಿ ಹೋದವನಿಗೆ ಈ ಮಾತು ಎದೆಗೆ ನಾಟಿತು. ಬಿಡುವುದು ಮಾತ್ರ ಟ್ಯೂಬು ಬಿಟ್ಟದ್ದಕ್ಕಿಂತ ಕಷ್ಟವಾಯಿತು. ಜೇಬಿನಲ್ಲಿ ಸೋಂಪು, ಹುರಿಗಡಲೆ ಇಟ್ಟುಕೊಂಡೆ. ಎರಡು ತಿಂಗಳು ಬಿಟ್ಟಿದ್ದವನು ಒಂದು ಬೀಗರೂಟದಲ್ಲಿ ಊಟದ ನಂತರ ತಟ್ಟೆ ಮುಂದೆ ಬಂದಾಗ ಕೈ ಹಾಕಿಬಿಟ್ಟೆ. ಮತ್ತೆ ಮೊದಲಿನಿಂದ ಶುರು. ಈಗ ಏಳು ತಿಂಗಳಾಗಿದೆ.

ಬಟ್ಟೆಯದು ಹೆಚ್ಚೇನಿಲ್ಲ. ನನ್ನ ಅಂಗಿಗಳೆಲ್ಲ ಎರಡು ಸೈಜ್ ದೊಡ್ಡವಿದ್ದವು, ಹೊಟ್ಟೆ ಮುಚ್ಚಲೆಂದು ತೆಗೆದುಕೊಂಡವು. ಮಂಡ್ಯದ ಪೇಟೆಬೀದಿಯ ಟೈಲರ್ ಹತ್ತಿರ ನಾಲ್ಕನ್ನು ಬಿಚ್ಚಿಸಿ ಹೊಲಿಸಿದೆ, ಭುಜದ ಹೊಲಿಗೆ ಸರಿಯಾಗಿ ಭುಜದ ಮೂಳೆಯ ಮೇಲೆ ಕೂರುವ ಹಾಗೆ. ಹೊಸ ಅಂಗಿ ಒಂದೂ ಕೊಳ್ಳಲಿಲ್ಲ.

ಹೊಟ್ಟೆಗೆ ಮುದ್ದೆಯೇ ಕಾರಣವೆಂದು ಅದನ್ನು ಬಿಡಲು ಹೊರಟಿದ್ದೆ. ಅಕ್ಕ ದಿನಕ್ಕೆ ಎಷ್ಟು ಟೀ ಎಂದು ಲೆಕ್ಕ ಹಾಕಿಸಿದಳು: ಎಂಟು, ಎಲ್ಲಕ್ಕೂ ಎರಡೆರಡು ಚಮಚ ಸಕ್ಕರೆ. ಎರಡಕ್ಕೆ ಇಳಿಸಿದೆ, ಮುದ್ದೆ ಹಾಗೇ ಇದೆ. ನಿದ್ದೆಯನ್ನು ಸರಿಮಾಡುವುದು ಪೂರ್ತಿ ನನ್ನ ಕೈಯಲ್ಲಿಲ್ಲ, ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಕೊಟ್ಟ ವಾರ ಎದ್ದು ಹೋಗಲೇಬೇಕು. ಆ ವಾರದ ಮರುದಿನಗಳಲ್ಲಿ ಕಣ್ಣಿನ ಕೆಳಗೆ ಕಪ್ಪಾಗುವುದನ್ನು ಈಗ ನಾನೇ ಗುರುತಿಸುತ್ತೇನೆ. ಮಧ್ಯಾಹ್ನ ಒಂದು ಗಂಟೆ ಮಲಗಿಯೇ ಏಳುತ್ತೇನೆ.

ಡಾಕ್ಟರಿಗೆ ತೋರಿಸಲು ಹೋದಾಗಲೆಲ್ಲ ಅಕ್ಕನ ಮನೆಯಲ್ಲಿ ಉಳಿದು ಬೆಳಿಗ್ಗೆ ಭಾವನ ಜೊತೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆ. ಎಪ್ಪತ್ತು ದಾಟಿದವರು ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುವುದನ್ನು ಅಲ್ಲಿ ನೋಡಿದೆ. ನಾನು ಗದ್ದೆಯಲ್ಲಿ ದಿನವಿಡೀ ದುಡಿದರೂ ಹೊರೆ ಹೊತ್ತು ಹೊತ್ತು ಕುತ್ತಿಗೆ ಮುಂದಕ್ಕೆ ಬಾಗಿತ್ತು. ಮುಖ ಹೀಗಾದ ಮೇಲಂತೂ ನೆಲ ನೋಡಿಕೊಂಡೇ ನಡೆಯುತ್ತಿದ್ದೆ. "ಹಕ್ಕಿ ನೋಡು ಮಾರಾಯ" ಎಂದು ಭಾವ ನೀರಿನ ನಡುವಿನ ಮರಗಳ ಕಡೆ ತೋರಿಸುತ್ತಿದ್ದರು. ಹಕ್ಕಿ ನೋಡಲು ತಲೆ ಎತ್ತಲೇಬೇಕಿತ್ತು.

ಟ್ಯೂಬು ಬಿಟ್ಟ ಹನ್ನೊಂದನೇ ತಿಂಗಳಲ್ಲಿ ಅದೇ ಸ್ಟುಡಿಯೋಗೆ ಹೋಗಿ ಹೊಸ ಫೋಟೋ ತೆಗೆಸಿದೆ. ಹುಡುಗ ಕಂಪ್ಯೂಟರಿನಲ್ಲಿ ನನ್ನ ಮುಖ ದೊಡ್ಡದು ಮಾಡಿ, "ಅಣ್ಣ, ಸ್ವಲ್ಪ ಬೆಳ್ಳಗೆ ಮಾಡ್ಲಾ?" ಎಂದ. ಬೇಡ ಎಂದೆ. ಮೂಗಿನ ಪಕ್ಕದ ಎರಡು ಕೆಂಪು ಎಳೆ ಇನ್ನೂ ಹೋಗಿಲ್ಲ, ಹೋಗದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅವನ್ನೂ ಅಳಿಸಬೇಡ ಎಂದೆ. ಫೋಟೋ ನೋಡಿ ಅಪ್ಪ ಏನೂ ಹೇಳಲಿಲ್ಲ. ಮರುದಿನ ನೋಡಿದರೆ ಅದರ ಒಂದು ಪ್ರತಿ ಅವರ ಪರ್ಸಿನಲ್ಲಿತ್ತು. ಹೆಣ್ಣು ಇನ್ನೂ ಗೊತ್ತಾಗಿಲ್ಲ, ಹುಡುಕುತ್ತಿದ್ದಾರೆ.

ಹೋದ ತಿಂಗಳು ಡೈರಿ ಹತ್ತಿರ ಹತ್ತೊಂಬತ್ತರ ಒಬ್ಬ ಹುಡುಗನ ಮುಖ ನೋಡಿ ಎದೆ ಧಸಕ್ಕೆಂದಿತು. ಅದೇ ಕೆಂಪು, ಅದೇ ಹೊಳಪು, ಕೆನ್ನೆಯ ಮೇಲೆ ಅದೇ ನವಿರು ಕೂದಲು. ಪಕ್ಕಕ್ಕೆ ಕರೆದು ಕೇಳಿದೆ. ಮೊದಲು ಏನೂ ಇಲ್ಲ ಎಂದ. ನನ್ನ ಫೋನಿನಲ್ಲಿದ್ದ, ಕಣ್ಣು ಊದಿದ್ದ ದಿನದ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, "ಅಣ್ಣ, ಬುಟ್ರೆ ನಂಗೂ ಇಂಗೇ ಆಯ್ತದಾ?" ಎಂದ. ಆಗಬಹುದು, ಆದರೆ ಒಬ್ಬನೇ ಬಿಡಬೇಡ, ನಾನಿರ್ತೀನಿ ಎಂದೆ. ಅಂಗಿಯ ತೋಳು ಮಡಚು ಎಂದು ಹೇಳಿ ತೋಳಿನ ಒಳಭಾಗ ತೋರಿಸಿದೆ.

ಸೋಮವಾರ ಬೆಳಗಿನ ರೈಲಿಗೆ ಇಬ್ಬರೂ ಹೊರಟೆವು. ಟ್ಯೂಬು ಅವನ ಜೇಬಿನಲ್ಲಿತ್ತು. ಎಸೆಯಬೇಡ, ಡಾಕ್ಟರು ಓದಬೇಕು ಎಂದಿದ್ದೆ. ಪಾಂಡವಪುರ ದಾಟುವ ಹೊತ್ತಿಗೆ ಅವನೇ ಅದನ್ನು ಹೊರಗೆ ತೆಗೆದು, ಹಿಂಭಾಗದ ಸಣ್ಣ ಅಕ್ಷರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಲು ಶುರುಮಾಡಿದ.